ರಫೀಕ ತೆಗೆದ ಎರಡು ಪಟ

ಮೊನ್ನೆ ಚಳ್ಳಕೆರೆಯಲ್ಲಿ ಬಸ್ಸು ತಡವಾಯಿತೆಂದು ರಫೀಕನ ಗ್ಯಾರೇಜಿನಲ್ಲಿ ಕೂತಿದ್ದೆ. ಗೋಡೆಯ ಮೇಲೆ ಒಂದು ಸಿಂಹದ ಪಟ. ಜೀಪಿನ ಗಾಲಿಯ ನೆರಳಲ್ಲಿ ಬಿದ್ದುಕೊಂಡು ಆಕಳಿಸುತ್ತಿದೆ. ಜೀಪಿನೊಳಗಿದ್ದವರು ನಗುತ್ತಾ ಫೋಟೋ ಹೊಡೆದುಕೊಂಡು ಹೋದರಂತೆ. ನೀವು ನಂಬಿದರೆ ನಂಬಿ. ರಫೀಕ ಆಫ್ರಿಕಾದ ಕಾಡಿನಲ್ಲಿ ನಾಲ್ಕು ವರ್ಷ ಅಂಥ ಜೀಪುಗಳನ್ನೇ ರಿಪೇರಿ ಮಾಡಿ, ಬರುವಾಗ ಉದ್ದ ಮೂತಿಯ ಕ್ಯಾಮೆರಾ ತಂದವನು. ಅವನ ಕ್ಯಾಮೆರಾ ನನಗೂ ಒಮ್ಮೆ ಬೇಕಾಗಿತ್ತು.

ನಮ್ಮೂರು ಉಳ್ಳಾರ್ತಿ ಕಾವಲು ಎಂಬ ಹುಲ್ಲುಗಾವಲಿನ ಅಂಚಿಗಿದೆ. ಬೆಳಿಗ್ಗೆ ದೊಡ್ಡ ಕುರಿಗಳು ಮೇವಿಗೆ ಹೋದರೆ ಎಳೆ ಮರಿಗಳು ಮುಳ್ಳುಬೇಲಿಯ ರೊಪ್ಪದಲ್ಲೇ ಉಳಿಯುತ್ತವೆ. ಆ ವರ್ಷ ಪಕ್ಕದ ತಿಪ್ಪೇಸ್ವಾಮಿಯ ರೊಪ್ಪದಲ್ಲಿ ಒಂದೇ ವಾರದಲ್ಲಿ ಮೂರು ಮರಿ ಸತ್ತವು. ಊರೆಲ್ಲ ತೋಳ ಅಂದಿತು. ಕಲ್ಲುಗುಡ್ಡೆಯ ಬಿಲದಲ್ಲಿ ತೋಳ ಮರಿ ಹಾಕಿತ್ತು. ಬಿಲಕ್ಕೆ ಮೆಣಸಿನಕಾಯಿ ಹೊಗೆ ಹಾಕಿ ಎಲ್ಲವನ್ನೂ ಮುಗಿಸುವುದೆಂದು ತೀರ್ಮಾನವಾಯಿತು.

ತೋಳದ ಮೇಲೆ ನನಗೇನೂ ಪ್ರೀತಿಯಿಲ್ಲ, ನನ್ನವೇ ಎರಡು ಕುರಿ ತಿಂದಿದೆ. ಆದರೆ ಅದು ಕುತ್ತಿಗೆ ಹಿಡಿದು ಹೊತ್ತೊಯ್ಯುತ್ತದೆ. ಈ ಮರಿಗಳು ಹಿಂಗಾಲು ಹರಿದು ಅಲ್ಲೇ ಬಿದ್ದಿದ್ದವು. ನನ್ನ ಬಾಯಿ ಸುಮ್ಮನಿರಬೇಕಲ್ಲ!

"ಇದು ನಾಯಿ ಕೆಲಸ ಕಣ್ರಲೇ. ಪಟ ತೆಗೆಸಿ ತೋರಿಸ್ತೀನಿ."

"ನಾಳೆ ಮಧ್ಯಾಹ್ನದ ತನಕ ಟೈಮು ಐತೆ, ತೋರಿಸವ್ವ," ಅಂದ ತಿಪ್ಪೇಸ್ವಾಮಿ.

ಮರುದಿನ ಬೆಳಕು ಹರಿಯುವಾಗ ರಫೀಕ ಬಂದ. ಜೀಪಿನಿಂದ ಕೆಳಗಿಳಿಯಲೊಲ್ಲ.

"ಆಫ್ರಿಕಾದಲ್ಲಿ ಇಳಿದೋರು ಉಳಿಯಲ್ಲ ಅಜ್ಜಿ."

"ಇಲ್ಲಿ ಜೀಪು ಕಂಡ್ರೆ ಎಲ್ಲಾ ಓಡ್ತವೆ. ಕಂಬಳಿ ಕಂಡ್ರೆ ಓಡಲ್ಲ. ಇಳಿಯೋ, ಸಿಂಹದ ಸರದಾರ!"

ತಿಪ್ಪೇಸ್ವಾಮಿಯ ಬೇಲಿಯ ಪಕ್ಕ ಒಂದೇ ಕಂಬಳಿಯಡಿ ಇಬ್ಬರೂ ಕೂತೆವು. ತಿಪ್ಪೇಸ್ವಾಮಿಯ ಕುರಿಗಳು ಮೇವಿಗೆ ಹೋದವು. ನನ್ನ ಮಂದೆಯನ್ನು ಸೊಸೆ ಹೊಡೆದುಕೊಂಡು ಹೋದಳು.

ಸ್ವಲ್ಪ ಹೊತ್ತಿಗೆ ತೋಳ ಬಂತು. ಒಂಟಿ ಹೆಣ್ಣು, ಮೊಲೆ ಜೋತುಬಿದ್ದಿವೆ. ಬೇಲಿಯ ಹತ್ತಿರ ನಿಂತು ಮರಿಗಳ ಕೂಗು ಕೇಳಿತು. ಒಂದು ಮರಿಗೆ ಬಾಯಿ ಹಾಕಿದರೂ ನನ್ನ ಮಾತು ಮಣ್ಣುಪಾಲು, ಅದರ ಸಂಸಾರವೂ. ಕ್ಯಾಮೆರಾ ಟಿಕ್ ಅಂತು. ತೋಳ ಕಿವಿ ನಿಮಿರಿಸಿ, ಗುಡ್ಡೆಯ ಕಡೆ ನಡೆದುಬಿಟ್ಟಿತು.

"ಬಂತು, ಇನ್ನೊಂದು," ಅಂದ ರಫೀಕ.

ಕಪ್ಪು ನಾಯಿ ಬೇಲಿ ಹಾರಿತು. ಮರಿ ಕಿರುಚಿತು. ಮತ್ತೆ ಟಿಕ್.

ಅದು ಕಾಳ. ನನ್ನ ಕಾಳ.

ಮೇಯಿಸಲು ಹೋಗುವಾಗ ನಾನು ಮುಂದೆ, ಕುರಿ ನಡುವೆ, ಕಾಳ ಹಿಂದೆ. ಆರು ವರ್ಷ ಹಾಗೇ ನಡೆದೆವು. ಹಿಂದೆ ಅವನಿದ್ದಾನೆಂಬ ನಂಬಿಕೆಯಲ್ಲಿ ನಾನು ಒಂದು ದಿನವೂ ತಿರುಗಿ ನೋಡಿದವಳಲ್ಲ. ಊರಿಗೆಲ್ಲ ಬುದ್ಧಿ ಹೇಳುವವಳು ನಾನು.

"ಕಾಳಾ!" ಅಂದೆ. ಬಾಯಲ್ಲಿ ಉಣ್ಣೆ ಅಂಟಿಸಿಕೊಂಡೇ ಬಾಲ ಅಲ್ಲಾಡಿಸುತ್ತಾ ಬಂದ.

ರಫೀಕ ಕ್ಯಾಮೆರಾದ ಮೇಲೆ ಬೆರಳಿಟ್ಟ. "ಒಂದು ಬಟನ್ ಒತ್ತಿದ್ರೆ ಅಳಿಸಿ ಹೋಗುತ್ತೆ ಅಜ್ಜಿ. ಅಲ್ಲಾನ ಮೇಲೆ ಆಣೆ, ಯಾರಿಗೂ ಹೇಳಲ್ಲ."

ಅಷ್ಟರಲ್ಲಿ ಗುಡ್ಡೆಯ ದಾರಿಯಲ್ಲಿ ಮೆಣಸಿನಕಾಯಿ ಚೀಲ ಹೊತ್ತ ನಾಲ್ಕು ಜನ ಕಂಡರು, ತಿಪ್ಪೇಸ್ವಾಮಿ ಮುಂದೆ. ಮಧ್ಯಾಹ್ನದ ತನಕ ಕಾಯುವ ತಾಳ್ಮೆ ಅವನಿಗಿರಲಿಲ್ಲ.

"ಕೈ ತೆಗಿ. ಕರಿ ಅವರನ್ನ," ಅಂದೆ ರಫೀಕನಿಗೆ.

ತಿಪ್ಪೇಸ್ವಾಮಿ ಎರಡೂ ಪಟ ನೋಡಿದ. "ಇದು ನಿನ್ನ ಕಾಳ ಅಲ್ವೇನವ್ವ?"

"ಹೂಂ."

ಚೀಲ ವಾಪಸ್ಸು ಹೋಯಿತು. ರುಚಿ ಹತ್ತಿದ ನಾಯಿ ಬಿಡುವುದಿಲ್ಲ. ಸಂಜೆ ಕಾಳನನ್ನು ಹಗ್ಗ ಸಮೇತ ತಿಪ್ಪೇಸ್ವಾಮಿಯ ಕೈಗೆ ಕೊಟ್ಟೆ. ಆಮೇಲೆ ಕಾಳನನ್ನು ಏನು ಮಾಡಿದನೆಂದು ನಾನು ಕೇಳಲಿಲ್ಲ.

ಮೊನ್ನೆ ಗ್ಯಾರೇಜಿನಲ್ಲಿ ರಫೀಕ ಚಹಾ ಕೊಟ್ಟು, "ಆಮೇಲೆ ಬೇರೆ ನಾಯಿ ಸಾಕಲಿಲ್ವಾ?" ಅಂದ. ಇಲ್ಲ ಅಂದೆ. ಬಸ್ಸು ಬಂತು.

ನಿನ್ನೆ ಕಾವಲಿನಲ್ಲಿ ನನ್ನ ಕಣ್ಣೆದುರಿಗೇ ತೋಳ ಒಂದು ಮರಿಯನ್ನು ಕುತ್ತಿಗೆ ಹಿಡಿದು ಒಯ್ದಿತು. ಕಲ್ಲು ಬೀಸಿದೆ, ತಾಗಲಿಲ್ಲ. ಹಿಂದೆ ನಾಯಿ ಇದ್ದಿದ್ದರೆ ಹೀಗಾಗುತ್ತಿರಲಿಲ್ಲ. ಊರ ಬಾಗಿಲಲ್ಲಿ ನನ್ನ ಕೂಗು ಕೇಳಿ ಬಂದ ತಿಪ್ಪೇಸ್ವಾಮಿ ಎದುರಾದ.

"ಯಾವುದು ಹಿಡೀತವ್ವ?"

ತೋಳ ಅಂದರೆ ಸಂಜೆಯೊಳಗೆ ಗುಡ್ಡೆಯಲ್ಲಿ ಹೊಗೆ. ಆಗ ಕಾಳನನ್ನು ಕೊಟ್ಟದ್ದೂ ವ್ಯರ್ಥ.

"ಯಾವುದೋ ನಾಯಿ," ಅಂದೆ.