ಕಾವಲಿಗೆ ಕಿವಿ ಯಾಕ ಬೇಕು?

ಮರಾಠಿ ಸೀಮೆಯ ಧನಕವಡಿಯಲ್ಲಿ ಇನ್ನೂ ಬೆಳಕು ಹರಿಯುತ್ತಿದೆ. ಮೋಹನದಾಸರ ಹೋಟೆಲಿನ ಅಡುಗೆಮನೆಯಲ್ಲಿ ಶಿವಗಂಗವ್ವ ಕಾದ ಕಾವಲಿಗೆ ನೀರು ಚಿಮುಕಿಸಿ, ಅರ್ಧ ಈರುಳ್ಳಿಯಿಂದ ಎಣ್ಣೆ ಸವರುತ್ತಾರೆ. ದಿನದ ಮೊದಲ ದೋಸೆ ಅವರದೇ. "ನಾ ತಿಂದು ನೋಡದೇ ಮಂದಿಗೆ ಹೆಂಗ ಕೊಡ್ಲಿರಿ?" ಎಂದು ನಗುತ್ತಾರೆ. ಅಷ್ಟರಲ್ಲಿ "ಮಾವಶಿ!" ಎಂದು ಚಿಕ್ಕಮ್ಮನನ್ನು ಕರೆದಂತೆ ಕರೆಯುತ್ತ ಕಾಲೇಜು ಹುಡುಗರ ದಂಡು ಬಂದಾಗಿದೆ.

ಬೈಲಹೊಂಗಲದ ಈ ಹೆಣ್ಣುಮಗಳು ಇಲ್ಲೇ ವರ್ಷಗಟ್ಟಲೆ ಪಾತ್ರೆ ತೊಳೆದವರು. ದೋಸೆ ಭಟ್ಟರು ಬಿಟ್ಟುಹೋದಾಗ "ನಾ ಹಾಕ್ತೀನ್ರಿ" ಎಂದು ಮುಂದೆ ಬಂದರು. ಆದರೆ ಬಾಗಿಲಿಗೆ ತೂಗಿದ 'ದೋಸೆ ಹಾಕುವವರು ಬೇಕು' ಬೋರ್ಡಿನಲ್ಲಿ 'ಗಂಡಸರು ಮಾತ್ರ' ಎಂದಿತ್ತು. ಹಿಟ್ಟಿನ ಕೊಳಗ ಹೆಂಗಸರಿಗೆ ಎತ್ತಲಾಗದು ಎಂಬುದು ಮಾಲೀಕರ ವಾದ.

"ಕೊಳಗ ಎತ್ತೂದು ಕೆಲಸ ಅಲ್ರಿ, ದೋಸೆ ಹಾಕೂದು ಕೆಲಸ. ಎರಡು ಸಣ್ಣ ಬೋಗುಣಿ ಕೊಡ್ರಿ" ಎಂದರು ಇವರು. ಬೋಗುಣಿ ಬಂದವು, ಬೋರ್ಡು ಇಳಿಯಿತು.

ಕೆಲಸ ಕೊಡುವಾಗ ಭೇದ ಮಾಡಬಾರದು ಎನ್ನುತ್ತದೆ ಕಾನೂನು. ಇಂಥವರೇ ಬೇಕೆಂದು ಆ ಕೆಲಸವೇ ಬೇಡಿದರೆ ಮಾತ್ರ ವಿನಾಯಿತಿಯ ಮಾತು. ಹುಡುಗಿಯರ ಹಾಸ್ಟೆಲಿನ ಮೇಲ್ವಿಚಾರಣೆಗೆ ಹೆಂಗಸೇ ಬೇಕೆಂದರೆ ಯಾರೂ ತಕರಾರು ಮಾಡುವುದಿಲ್ಲ. ದೋಸೆಗೆ ಎಲ್ಲಿಯ ಗಂಡು, ಎಲ್ಲಿಯ ಹೆಣ್ಣು!

ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ. ಸೊಸೆಯೇ ಅತ್ತೆಯಾದಾಗ ಏನಾಯಿತು ನೋಡಿ. ಹೋದ ಶ್ರಾವಣದಲ್ಲಿ ಎರಡನೇ ಕಾವಲಿ ಹೂಡಿ, ಆಳು ಆರಿಸುವುದನ್ನು ಶಿವಗಂಗವ್ವನವರಿಗೇ ಬಿಟ್ಟಾಗ ಸವದತ್ತಿಯ ಫಕೀರಪ್ಪ ಕೆಲಸ ಹುಡುಕಿಕೊಂಡು ಬಂದರು. ಅವರಿಗೆ ಕಿವಿ ಕೇಳಿಸದು. ಹೋದ ಹೋಟೆಲುಗಳೆಲ್ಲ ಬಾಗಿಲಿನಿಂದಲೇ ಕಳಿಸಿದ್ದವು. ಇದೂ ತಪ್ಪಿದರೆ ಊರಿನ ಬಸ್ಸು ಹತ್ತುವುದೇ ಗತಿ. ಇಲ್ಲಿಯೋ, ಮಾಣಿಗಳು ಆರ್ಡರನ್ನು ಕೂಗಿ ಹೇಳುವುದು ರೂಢಿ. "ಕೂಗಿದ್ದು ಕೇಳದವ್ರು ಬ್ಯಾಡ್ರಿ" ಎಂದುಬಿಟ್ಟರು ಶಿವಗಂಗವ್ವ.

ಮೋಹನದಾಸರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಎಂಥ ಮಾರಾಯ್ತಿ! ಅಂದು ನಾನು ಕೊಳಗ ಹೇಳಿದೆ, ಇಂದು ನೀವು ಕಿವಿ ಹೇಳ್ತೀರಿ. ದೋಸೆ ಹಾಕಿಸಿ ನೋಡಿದ್ರಾ?"

"ನಾಚಿಕಿಯಿಂದ ನೆಲಕ್ಕ ಇಳದಂಗಾತ್ರಿ" ಎಂದು ಅವರು ಈಗಲೂ ಹಣೆ ಚಚ್ಚಿಕೊಳ್ಳುತ್ತಾರೆ. ಅಂದೇ ಕೈಗೆ ಸೌಟು ಕೊಟ್ಟು ನೋಡಿದರೆ, ಫಕೀರಪ್ಪ ಹಾಕಿದ ದೋಸೆಯ ಅಂಚು ಕೆಂಪಗೆ ತಾನಾಗಿ ಎದ್ದಿತ್ತು. ಅಂದಿನಿಂದ ಇಲ್ಲಿ ಕೂಗಾಟವಿಲ್ಲ. ಬೆರಳೆತ್ತಿದರೆ ಸಾದಾ, ಅಂಗೈ ಮಡಚಿದರೆ ಮಸಾಲೆ. ಗಿರಾಕಿಗಳೂ ಕಲಿತುಬಿಟ್ಟಿದ್ದಾರೆ.

ಈಗ ಮೂರನೇ ಕಾವಲಿಯ ಮಾತು ನಡೆದಿದೆ. ಬೋರ್ಡಿನಲ್ಲಿ ಏನು ಬರೆಸೋಣ ಎಂದು ಮಾಲೀಕರು ಕೇಳುತ್ತಾರೆ. ಶಿವಗಂಗವ್ವ ಪಕ್ಕದ ಕಾವಲಿಯ ಫಕೀರಪ್ಪನತ್ತ ನೋಡಿ ಸೆರಗಿನಿಂದ ಬೆವರು ಒರೆಸಿಕೊಳ್ಳುತ್ತಾರೆ.

"ಏನೂ ಬರಸಬ್ಯಾಡ್ರಿ. ಬಂದವ್ರ ಕೈಯಾಗ ಸೌಟು ಕೊಡೂಣು. ಮೊದಲ ದೋಸೆ ತಿನ್ನೂಣು, ಮಾತು ಆಮ್ಯಾಲೆ."