ಶನಿಪ್ರವೇಶವೂ ಎದುರುಮನೆಯ ಕಮಲಮ್ಮನೂ

ಬೆಳಿಗ್ಗೆ ಕಾಫಿ ಕುಡಿಯುತ್ತ ಪತ್ರಿಕೆ ತೆರೆದರೆ, ಈ ತಿಂಗಳು ಶನಿ ಮನೆ ಬದಲಾಯಿಸುತ್ತಾನಂತೆ. ನನಗೆ ನಗು ತಡೆಯಲಾಗಲಿಲ್ಲ. ಕಾರಣವಿದೆ, ಕೇಳಿ.

ಅರವತ್ತರ ದಶಕದ ಕೊನೆ. ನಾವಾಗ ಹಲಸೂರಿನಲ್ಲಿದ್ದೆವು. ನನ್ನ ಅಕ್ಕ ಸರೋಜ ವಿಮಾ ಕಚೇರಿಯಲ್ಲಿ ಟೈಪಿಸ್ಟ್. ಶನಿವಾರ ತರಕಾರಿಗೆಂದು ರಸೆಲ್ ಮಾರುಕಟ್ಟೆಗೆ ಹೋದರೆ, ಚೀಲದಲ್ಲಿ ಬೀನ್ಸಿನ ಕೆಳಗೆ ಹಳೆಯ ಇಂಗ್ಲಿಷ್ ಪುಸ್ತಕಗಳಿರುತ್ತಿದ್ದವು. ಅಲ್ಲಿನ ಹಳೇ ಪುಸ್ತಕದ ಸಾಬರು ಅವಳನ್ನು ಕಂಡೊಡನೆ "ಬನ್ನಿ ಮೇಡಂ, ರಾಕೆಟ್ ಬುಕ್ ಬಂದೈತೆ!" ಎಂದು ಕೂಗುತ್ತಿದ್ದರು. ಯಾರೂ ಕಾಲಿಡುವ ಮೊದಲೇ ಚಂದ್ರನಿಗೆ ಹೋಗಿಬಂದ ಲೇಖಕರು, ಕಾಲದಲ್ಲಿ ಹಿಂದೆ ಮುಂದೆ ಓಡಾಡಿದವರು, ಯಂತ್ರಕ್ಕೆ ಮನಸ್ಸು ಕೊಟ್ಟವರು... ಅವರ ಹೆಸರುಗಳನ್ನು ತಪ್ಪುತಪ್ಪಾಗಿ ಹೇಳುತ್ತಲೇ ನಾವಿಬ್ಬರೂ ಮೈಮರೆಯುತ್ತಿದ್ದೆವು. "ಇಂಥದ್ದು ಕನ್ನಡದಲ್ಲಿ ಯಾಕೋ ಇರಬಾರ್ದು?" ಎಂದು ಅಕ್ಕ ತಾನೇ ಬರೆಯತೊಡಗಿದಳು.

ಎರಡು ಕಥೆ ವಾಪಸು ಬಂದವು. "ಮೂರನೇದನ್ನೂ ಯಾರೂ ಓದ್ಲಿಲ್ಲ ಅಂದ್ರೆ ನಾನಿನ್ನು ಪೆನ್ನು ಮುಟ್ಟಲ್ಲ ಕಣೋ" ಎಂದಳು. ಅಕ್ಕ ಆಡಿದರೆ ಆಡಿದ್ದೇ, ನನಗೆ ಹೆದರಿಕೆಯಾಯಿತು. ಮೂರನೆಯದರಲ್ಲಿ ನಾಲ್ವರು ಶನಿಗ್ರಹಕ್ಕೆ ಹೋಗುತ್ತಾರೆ. ಎರಡು ಕಂತಿನ ಆ ಕಥೆಗೆ 'ಶನಿಪ್ರವೇಶ' ಎಂದು ಹೆಸರಿಟ್ಟ ಮಹಾಬುದ್ಧಿವಂತ ನಾನೇ.

ಮೊದಲ ಕಂತು ಅಚ್ಚಾಯಿತು. ಎಲ್ಲಿ? ವಾರಪತ್ರಿಕೆಯ ರಾಶಿಫಲದ ಪುಟದಲ್ಲಿ! ಶೀರ್ಷಿಕೆಯನ್ನಷ್ಟೇ ನೋಡಿ ಯಾರೋ ಅಲ್ಲಿ ಸೇರಿಸಿಬಿಟ್ಟಿದ್ದರು. ಅಕ್ಕ ಅತ್ತೇಬಿಟ್ಟಳು. "ಇದನ್ನ ಕಥೆ ಅಂತ ಯಾರೋ ಓದ್ತಾರೆ?" ಎರಡು ದಿನ ನಾನು ಅವಳ ಕಣ್ಣಿಗೆ ಬೀಳದಂತೆ ಓಡಾಡಿದೆ.

ಮೂರನೆಯ ದಿನ ಎದುರುಮನೆಯ ಕಮಲಮ್ಮ ಪತ್ರಿಕೆ ಹಿಡಿದು ಬಂದರು. "ನಮ್ಮೆಜಮಾನ್ರದು ಕುಂಭ ರಾಶಿ ಸರೋಜಾ. ಶನಿಪ್ರವೇಶ ಅಂತ ನೋಡಿ ಎದೆ ಧಸಕ್ ಅಂತು, ಕೂತು ಓದ್ದೆ."

ಅಕ್ಕನ ಮುಖ ಇಳಿಯಿತು. ಕಮಲಮ್ಮ ಅಲ್ಲಿಗೇ ಬಿಡಲಿಲ್ಲ.

"ರಾಶಿ ಮನೆ ಹಾಳಾಗ್ಲಿ. ಆ ನಾಲ್ಕು ಜನ ವಾಪಸ್ ಬರ್ತಾರೇನೇ? ಆ ಇಂಜಿನಿಯರ್ ಹುಡುಗಿ ಅಮ್ಮ ಕಾಯ್ತಿರ್ತಾಳಲ್ಲೇ!"

"ಮುಂದಿನ ವಾರ ಓದಿ" ಎಂದಳು ಅಕ್ಕ. ಅವಳ ಕಣ್ಣು ಮತ್ತೆ ತುಂಬಿತ್ತು, ಆದರೆ ಮುಖದಲ್ಲಿ ನಗುವಿತ್ತು. ನನಗೂ ಖುಷಿಯೋ ಖುಷಿ. ಎರಡನೆಯ ಕಂತಿನಲ್ಲಿ ನಾಲ್ವರೂ ಸುಖವಾಗಿ ಮರಳಿದರು; ಅಕ್ಕ ಆಮೇಲೆ ಬಹಳ ವರ್ಷ ಬರೆದಳು. ಆದರೂ ನನ್ನಿಂದ ಅವಳ ಕಥೆ ಕೆಟ್ಟಿತೆಂಬ ಕೊರಗು ನನಗೆ ಉಳಿದೇ ಇತ್ತು.

ಇವತ್ತು ಫೋನ್ ಮಾಡಿ ಅದನ್ನು ಹೇಳಿಯೇಬಿಟ್ಟೆ.

"ಕೆಟ್ಟಿತಾ?" ಎಂದು ಅಕ್ಕ ಜೋರಾಗಿ ನಕ್ಕಳು. "ಎರಡನೇ ಕಂತಲ್ಲಿ ನಾಲ್ಕೂ ಜನಾನ ಸಾಯಿಸಿಟ್ಟಿದ್ದೆ ಕಣೋ. ಆ ಯಮ್ಮ ಹಂಗೆ ಕೇಳಿದ್ಮೇಲೆ ಕೈ ಬರತ್ತೇನೋ?"