ಸರ್ವೆಗೆ ಕೊಟ್ಟ ಮಂಗಳವಾರ

ಮೊದಲು ನನ್ನ ಹೆಚ್ಚುಗಾರಿಕೆ ಹೇಳುತ್ತೇನೆ, ಆಮೇಲೆ ತಪ್ಪು. ಈ ಕ್ರಮ ತಿರುವುಮುರುವಾಗಿರಬೇಕಿತ್ತು ಎಂದು ನನ್ನ ಹೆಂಡತಿಯ ಅಭಿಪ್ರಾಯ. ಆದರೆ ಬರೆಯುತ್ತಿರುವವನು ನಾನು.

ಹೈದರಾಬಾದಿನ ಒಂದು ಸರ್ಕಾರಿ ಕಾರ್ಖಾನೆಯ ತಪಾಸಣೆ ವಿಭಾಗದಲ್ಲಿ ಮೂವತ್ತು ವರ್ಷಕ್ಕೂ ಮಿಕ್ಕಿ ಕೆಲಸ ಮಾಡಿದವನು ನಾನು. ಬೇರೆಯವರು ಮಾಡಿದ್ದನ್ನು ಅಳೆದು ಸರಿ, ತಪ್ಪು ಎನ್ನುವ ಕೆಲಸ. ಕೂದಲೆಳೆಯಷ್ಟು ವ್ಯತ್ಯಾಸವಿದ್ದರೂ ಬರಿಗಣ್ಣಿನಲ್ಲೇ ಹೇಳುತ್ತಿದ್ದೆ. ಆದರೆ ನನ್ನ ನಿಜವಾದ ಸಾಧನೆ ಅದಲ್ಲ, ಬಿಡುವಿನಲ್ಲಿ ಮಾಡಿದ ಕಿತಾಪತಿಗಳು. ಒಮ್ಮೆ ಕ್ಯಾಂಟೀನಿನ ಬಾಗಿಲಲ್ಲಿ ಮೇಜು ಹಾಕಿ, ಗೆರೆ ಎಳೆದ ರಿಜಿಸ್ಟರ್ ಇಟ್ಟು, ಮೇಲೆ ‘ಕೈ ತೊಳೆದವರ ದಾಖಲೆ’ ಎಂದು ಮೂರು ಭಾಷೆಗಳಲ್ಲಿ ಬರೆದೆ. ಹೆಸರು, ಟೋಕನ್ ನಂಬರು, ತೊಳೆದ ಕೈ ಎಡವೋ ಬಲವೋ ಎರಡೂ ಹೌದೋ. ಮೂರು ವಾರ ಜನ ಸಾಲಿನಲ್ಲಿ ನಿಂತು ಸಹಿ ಹಾಕಿದರು. ಮ್ಯಾನೇಜರೂ ‘ಎರಡೂ’ ಎಂದು ಬರೆದು ಸಹಿ ಮಾಡಿದರು. ರಿಜಿಸ್ಟರ್ ತುಂಬಿದ ಮೇಲೆ, ಹೊಸದು ಯಾಕೆ ಇಟ್ಟಿಲ್ಲ ಎಂದು ಯೂನಿಯನ್ನಿನವರು ದೂರು ಕೊಟ್ಟರು! ಗೆರೆ ಎಳೆದ ಕಾಗದ ಕಂಡರೆ ಮನುಷ್ಯ ಎಷ್ಟು ಬೇಗ ಬಾಗುತ್ತಾನೆ ಎಂದು ಅವತ್ತೇ ಕಂಡುಕೊಂಡೆ.

ಹೋದ ವರ್ಷ ಒಂದು ಬುಧವಾರ ಬೆಳಿಗ್ಗೆ, ಸನತ್‌ನಗರದ ನಮ್ಮ ಎರಡನೆಯ ಮಹಡಿಯ ಮನೆಗೆ ಒಬ್ಬ ಹೆಣ್ಣುಮಗಳು ಬಂದಳು. ಮೂವತ್ತೈದರ ಆಸುಪಾಸು, ಕೊರಳಲ್ಲಿ ಸರ್ಕಾರಿ ಕಾರ್ಡು, ಕೈಯಲ್ಲಿ ಟ್ಯಾಬ್. ತೆಲುಗಿನಲ್ಲಿ ಶುರು ಮಾಡಿದಳು. ನಾನು ಫೋನಿನಲ್ಲಿ ಯಾರಿಗೋ ಕನ್ನಡದಲ್ಲಿ ಬೈಯುತ್ತಿದ್ದೆ. ಕೇಳಿಸಿಕೊಂಡವಳ ಮುಖ ಅರಳಿತು.

“ಅಯ್ಯ, ಅಜ್ಜಾರ, ನೀವು ನಮ್ಮ ಕಡೆಯವ್ರ ಏನ್ರಿ? ನಂದು ರಾಯಚೂರ ಬಾಜೂಕ.”

“ನಮ್ದು ಧಾರವಾಡ. ರಾಯಚೂರನ್ನ ನಮ್ಮ ಕಡೆ ಅನ್ನಬೇಕಂದ್ರ ಸ್ವಲ್ಪ ಉದಾರ ಮನಸ್ಸ ಬೇಕು. ಇರ್ಲಿ, ಒಳಗ ಬರ್ರಿ.”

ಹೆಂಡತಿ ರೈತು ಬಜಾರಿಗೆ ಕಾಯಿಪಲ್ಲೆ ತರಲು ಹೋಗಿದ್ದಳು. ನಾನೇ ಚಹಾ ಮಾಡಿಕೊಟ್ಟೆ. ಆಕೆ ತನ್ನ ಕೆಲಸ ವಿವರಿಸಿದಳು: ದೇಶದ ಜನ ದಿನದ ಹೊತ್ತನ್ನು ಹೇಗೆ ಕಳೆಯುತ್ತಾರೆ ಎಂಬ ಸರ್ವೆ. ಆರಿಸಿದ ಕೆಲವೇ ಮನೆಗಳಲ್ಲಿ ನಮ್ಮದೂ ಒಂದು. ನಿನ್ನೆ ಮುಂಜಾನೆ ನಾಲ್ಕರಿಂದ ಇವತ್ತು ಮುಂಜಾನೆ ನಾಲ್ಕರವರೆಗೆ, ಅರ್ಧರ್ಧ ತಾಸಿಗೆ ಏನು ಮಾಡಿದಿರಿ ಎಂದು ಮನೆಯ ಪ್ರತಿಯೊಬ್ಬರ ಬಗ್ಗೆಯೂ ಹೇಳಬೇಕು. ಮನೆಯಲ್ಲಿ ಇಲ್ಲದವರದ್ದನ್ನು ಇದ್ದವರು ಹೇಳಿದರೂ ನಡೆಯುತ್ತದೆ.

ಅಷ್ಟು ಕೇಳಿದ್ದೇ ನನ್ನೊಳಗಿನ ಹಳೆಯ ಕೋತಿ ಎದ್ದು ಕೂತಿತು. ನಾನು ಒಂದೇ ಒಂದು ವಿವರವನ್ನೂ ಹೊಸದಾಗಿ ಹುಟ್ಟಿಸಲಿಲ್ಲ. ಇಬ್ಬರ ಮಂಗಳವಾರಗಳನ್ನು ಅದಲುಬದಲು ಮಾಡಿದೆ, ಅಷ್ಟೆ. ನನ್ನ ದಿನವನ್ನು ಹೆಂಡತಿಗೆ ಕೊಟ್ಟೆ: ಏಳೂವರೆಗೆ ಏಳುವುದು, ಪೇಪರು, ಕೆಳಗಿನ ಇರಾನಿ ಹೋಟೆಲಿನಲ್ಲಿ ಗೆಳೆಯರ ಜೊತೆ ಹರಟೆ, ಊಟ, ಎರಡು ತಾಸು ನಿದ್ದೆ, ಟಿವಿ. ಅವಳ ದಿನವನ್ನು ನಾನು ತೆಗೆದುಕೊಂಡೆ.

“ಐದಕ್ಕ ಎದ್ದೆ. ನೀರ ತುಂಬಿದೆ. ಬಾಗಲದಾಗ ರಂಗೋಲಿ ಹಾಕಿದೆ.”

ಆಕೆಯ ಬೆರಳು ನಿಂತಿತು. “ರಂಗೋಲಿನೂ ನೀವ ಏನ್ರಿ?”

“ಚುಕ್ಕಿ ಎಷ್ಟ ಅಂತ ಕೇಳ್ರಿ, ಹೇಳ್ತೀನಿ.”

“ರೊಟ್ಟಿ?”

“ಬಡಿಯೋದು ನಾನ. ನಮ್ಮಾಕಿ ತಿನ್ನೋದರಾಗ ಹುಷಾರ್.”

ನಕ್ಕಳು, ನನ್ನನ್ನು ಒಂದು ಕ್ಷಣ ನೋಡಿದಳು, ಮತ್ತೆ ಒತ್ತುತ್ತಾ ಹೋದಳು. ಹೊರಡುವಾಗ, “ನಿಮ್ಮಂಥ ಗಂಡಸರು ಊರಿಗೊಬ್ಬರಿದ್ರ ಸಾಕ್ರಿ,” ಎಂದಳು. ನಾನು ಗಂಭೀರವಾಗಿ ತಲೆಯಾಡಿಸಿದೆ. ಮರುದಿನ ಇರಾನಿ ಹೋಟೆಲಿನಲ್ಲಿ ಭಾರತ ಸರ್ಕಾರಕ್ಕೆ ರಂಗೋಲಿ ಹಾಕಿದ ಕಥೆಯನ್ನು ಮೂರು ಸಲ ಹೇಳಿದೆ. ಮೂರನೆಯ ಸಲ ಪಕ್ಕದ ಮೇಜಿನವರೂ ಕುರ್ಚಿ ಎಳೆದುಕೊಂಡು ಬಂದರು.

ಹತ್ತು ದಿನ ಕಳೆದ ಮೇಲೆ ಆ ಹೆಣ್ಣುಮಗಳ ಮೇಲಧಿಕಾರಿ ಬಂದರು. ತೆಲುಗಿನವರು, ಐವತ್ತು ದಾಟಿದ ಸಣಕಲು ಮನುಷ್ಯ, ತುಂಬಾ ಮರ್ಯಾದಸ್ಥರು. ಕೆಲಸಗಾರರು ಮಾಡಿಬಂದ ಮನೆಗಳಲ್ಲಿ ಕೆಲವನ್ನು ಆರಿಸಿ, ಹಿಂದಿನ ಉತ್ತರ ತೋರಿಸದೆ ಅವವೇ ಪ್ರಶ್ನೆಗಳನ್ನು ಮತ್ತೆ ಕೇಳುವುದು ಇವರ ಕೆಲಸ. ತಪಾಸಣೆಯವನ ಮನೆಗೇ ತಪಾಸಣೆ! ನನಗೆ ಖುಷಿಯಾಯಿತು. ಆದರೆ ಅವತ್ತು ಹೆಂಡತಿ ಮನೆಯಲ್ಲಿದ್ದಳು. ಆ ಮಂಗಳವಾರವನ್ನು ನೆನಪಿಸಿ ಅವರು ಮೊದಲು ಕೇಳಿದ್ದು ಅವಳನ್ನೇ.

ಅವಳು ತೆಲುಗಿನಲ್ಲಿ, ಅವಸರವಿಲ್ಲದೆ ಹೇಳುತ್ತಾ ಹೋದಳು. ಐದಕ್ಕೆ ನೀರು, ರಂಗೋಲಿ, ಅಡುಗೆ. ಅಲ್ಲಿಯವರೆಗೆ ನನಗೆ ಗೊತ್ತಿದ್ದದ್ದೇ. ಆಮೇಲೆ ನನಗೆ ಗೊತ್ತಿಲ್ಲದ್ದು ಬಂತು. ನನ್ನ ಬಿಪಿ ಗುಳಿಗೆಗಳನ್ನು ವಾರದ ಡಬ್ಬಿಗೆ ಹಾಕಿಡುವುದು. ನನ್ನ ತಂಗಿಗೆ ಫೋನು ಮಾಡಿ ಅವಳ ಅಳು ಕೇಳುವುದು. ಮಧ್ಯಾಹ್ನ ಎರಡರಿಂದ ಮೂರು, ಕೆಳಗಿನ ಮನೆಯ ಮುದುಕಿಗೆ ಔಷಧ ಕುಡಿಸಿ ಕಾಲಿಗೆ ಎಣ್ಣೆ ತಿಕ್ಕಿ ಬರುವುದು. ಆ ಹೊತ್ತಿನಲ್ಲಿ ನಾನು ಗೊರಕೆ ಹೊಡೆಯುತ್ತಿರುತ್ತೇನೆ. ಅವಳ ದಿನವನ್ನು ಪೂರ್ತಿ ಕದ್ದೆ ಅಂದುಕೊಂಡಿದ್ದೆ. ಅರ್ಧವನ್ನಷ್ಟೇ ಕದ್ದಿದ್ದೆ, ಉಳಿದರ್ಧ ಇದೆ ಎಂದೇ ಕಳ್ಳನಿಗೆ ಗೊತ್ತಿರಲಿಲ್ಲ.

ಅಧಿಕಾರಿ ಟ್ಯಾಬ್ ನೋಡಿದರು, ಅವಳನ್ನು ನೋಡಿದರು, ಮತ್ತೆ ಟ್ಯಾಬ್ ನೋಡಿದರು.

“ಅಮ್ಮಾ, ನಮ್ಮ ಹುಡುಗಿ ನಿಮ್ಮ ಮನೆಗೆ ಬಂದಿದ್ದು ನಿಜವೇ?”

“ನಾನು ಬಜಾರಿಗೆ ಹೋಗಿದ್ದೆ. ಇವರನ್ನ ಕೇಳಿ.”

ಅವರು ನನ್ನ ಕಡೆ ತಿರುಗಿದರು. “ಸಾರ್, ಈ ಉತ್ತರಗಳನ್ನು ಕೊಟ್ಟಿದ್ದು ನೀವೇನಾ? ರಂಗೋಲಿ ಹಾಕಿದೆ, ರೊಟ್ಟಿ ಮಾಡಿದೆ ಅಂತ?”

ಇಲ್ಲಿ ನಾನು ನಗಬೇಕಿತ್ತು. ಹೌದು, ತಮಾಷೆ ಮಾಡಿದೆ ಎಂದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಹೆಂಡತಿ ಎದುರಿಗೇ ಇದ್ದಳು, ಈಗಷ್ಟೇ ತನ್ನ ದಿನವನ್ನು ಹೇಳಿ ಮುಗಿಸಿದ್ದಳು. ಅವಳು ನನ್ನನ್ನೇ ನೋಡುತ್ತಿದ್ದಳು. ಜೀವಮಾನದಲ್ಲಿ ಯಾರ ಮುಂದೆಯೂ ಮಾತಿಗೆ ತಡವರಿಸದ ನಾನು, “ನೆನಪಿಲ್ಲ ಸಾರ್. ವಯಸ್ಸಾಯಿತು,” ಎಂದುಬಿಟ್ಟೆ.

ಅವರು ನಿಟ್ಟುಸಿರು ಬಿಟ್ಟರು. “ಹಾಗಾದರೆ ಇಲ್ಲಿಗೆ ಬರದೇ ಬರೆದಿದ್ದಾಳೆ. ಎಲ್ಲೋ ಕೂತು ತುಂಬಿದ್ದಾಳೆ. ತಿಂಗಳ ಕೊನೆಗೆ ಅವಳ ಗುತ್ತಿಗೆ ಮುಂದುವರಿಸಬೇಕಿತ್ತು. ಇಂಥದ್ದು ಒಂದು ಮನೆ ಸಿಕ್ಕರೂ ಸಾಕು, ತೆಗೆದುಹಾಕುತ್ತಾರೆ. ಎರಡು ಮಕ್ಕಳಿವೆ, ಪಾಪ.”

“ಒಂದೇ ಮನೆ ತಾನೇ ಸಾರ್, ಬಿಟ್ಟುಬಿಡಿ,” ಎಂದೆ. ದೊಡ್ಡ ಮನಸ್ಸಿನವನ ಹಾಗೆ!

“ನಾನು ಬಿಡುವ ಹಾಗಿಲ್ಲ ಸಾರ್. ನಾನು ಇವರನ್ನು ನೋಡಬೇಕು, ನನ್ನನ್ನು ಮೇಲಿನವರು ನೋಡುತ್ತಾರೆ. ಅವರ ಮೇಲೆ ಹೊರಗಿನವರ ಸಮಿತಿ ಕೂತಿರುತ್ತದೆ. ಎಷ್ಟು ಮನೆ ಮರುತಪಾಸಣೆ ಮಾಡಿದಿರಿ, ಎಷ್ಟರಲ್ಲಿ ವ್ಯತ್ಯಾಸ ಸಿಕ್ಕಿತು ಎಂದು ಕೇಳುತ್ತದೆ. ಮುಚ್ಚಿಟ್ಟರೆ ನಾನೇ ಕಳ್ಳ.”

ಅವರು ಹೋದ ಮೇಲೆ ಹೆಂಡತಿ ಅಡುಗೆಮನೆಗೆ ಹೋದಳು. ಅಲ್ಲಿಂದಲೇ ಮಾತು ಬಂತು.

“ಆಕಿ ಬಂದಿದ್ಲು.”

“ನಿನಗ ಹೆಂಗ ಗೊತ್ತು?”

“ಅವತ್ತ ಸಿಂಕಿನ್ಯಾಗ ಎರಡ ಕಪ್ ಇದ್ವು. ತೊಳೆದಾಕಿ ನಾನ. ಅದನ್ನೂ ನೀವ ತೊಳದ್ರಿ ಅಂತ ಬರಿಸೀರೇನ?”

ನಾನು ಪೇಪರು ಎತ್ತಿಕೊಂಡೆ.

“ನಾಳಿ ಹೋಗಿ ಹೇಳ್ರಿ,” ಎಂದಳು.

ಮರುದಿನ ಹೋಗಲಿಲ್ಲ. ಅದರ ಮರುದಿನವೂ ಹೋಗಲಿಲ್ಲ. ಮೊಣಕಾಲು ನೋವು ಎಂದೆ, ಬಿಸಿಲು ಎಂದೆ. ಆದರೆ ಇರಾನಿ ಹೋಟೆಲಿಗೆ ಎರಡೂ ದಿನ ಹೋದೆ. ಕಾರ್ಖಾನೆಯಲ್ಲಿದ್ದಾಗ ಅಳತೆ ತಪ್ಪು ಬಂದರೆ ಕೆಲಸಗಾರನನ್ನು ಬೈಯುವ ಮುಂಚೆ ಅಳೆಯುವ ಉಪಕರಣವನ್ನೇ ಪರೀಕ್ಷೆಗೆ ಕಳಿಸುತ್ತಿದ್ದೆವು. ಇಲ್ಲಿ ಕೆಟ್ಟಿದ್ದ ಉಪಕರಣ ನಾನು. ಆದರೆ ಉತ್ತರ ಕೊಟ್ಟವನನ್ನು ಪರೀಕ್ಷೆಗೆ ಕಳಿಸುವವರು ಯಾರೂ ಇರಲಿಲ್ಲ. ಬಿಳಿ ತಲೆ ಕಂಡು ಎಲ್ಲರೂ ನಂಬಿದ್ದರು.

ಮೂರನೆಯ ದಿನ ಆಕೆಯೇ ಬಂದಳು. ಬಾಗಿಲು ತೆಗೆದೆ. ಕೈಯಲ್ಲಿ ಟ್ಯಾಬ್ ಇರಲಿಲ್ಲ, ಕೊರಳಲ್ಲಿ ಕಾರ್ಡೂ ಇರಲಿಲ್ಲ. ಹೊಸ್ತಿಲ ಆಚೆಯೇ ನಿಂತಳು.

“ಅಜ್ಜಾರ, ನಾ ಇಲ್ಲಿಗೆ ಬರೋ ಹಂಗಿಲ್ಲ. ಬಂದೀನಿ ಅಂತ ಗೊತ್ತಾದ್ರ ಇನ್ನೂ ಕಷ್ಟ. ಒಂದ ಮಾತ ಕೇಳಿ ಹೋಗ್ತೀನಿ. ನೀವು ನನಗ ಚಾ ಮಾಡಿ ಕೊಟ್ಟಿದ್ರಿ. ಸಕ್ರಿ ಜಾಸ್ತಿ ಆಗಿತ್ತು. ಅದರ ನೆನಪೈತೋ ಇಲ್ಲೋ?”

ನಾನು ಬಾಯಿ ತೆರೆದೆ. ಅಷ್ಟು ವರ್ಷ ಯಾವುದೇ ಪ್ರಶ್ನೆಗೂ ಸಿದ್ಧವಾಗಿರುತ್ತಿದ್ದ ಚಟಾಕಿಗಳಲ್ಲಿ ಒಂದೂ ಬರಲಿಲ್ಲ. “ಐತಿ,” ಎಂದೆ.

“ಅಷ್ಟ ಸಾಕ್ರಿ. ನನಗ ಹುಚ್ಚ ಹಿಡಿದೈತೇನೋ ಅನ್ನಿಸಿಬಿಟ್ಟಿತ್ತು,” ಎಂದು ಮೆಟ್ಟಿಲು ಇಳಿದಳು. ಕಣ್ಣೀರು ಹಾಕಲಿಲ್ಲ, ಜಗಳ ಆಡಲಿಲ್ಲ. ಒಂದಿಷ್ಟು ಬೈದಿದ್ದರೆ ನಾನು ಅವತ್ತು ಮಧ್ಯಾಹ್ನ ಊಟ ಮಾಡುತ್ತಿದ್ದೆನೋ ಏನೋ.

ಅವತ್ತೇ ಮೆಟ್ರೋ ಹತ್ತಿ ಅವರ ಕಚೇರಿಗೆ ಹೋದೆ. ಹೆಂಡತಿಯೂ ಬಂದಳು. ನಾನು ದಾರಿಯಲ್ಲಿ ಇಳಿದು ಓಡುತ್ತೇನೆಂದು ಅವಳಿಗೆ ಗುಮಾನಿ. ಅಧಿಕಾರಿ ಸರ್ವೆಯ ಹೆಣ್ಣುಮಗಳನ್ನೂ ಕರೆಸಿದರು. ಮೂವರ ಮುಂದೆ ನಾನು ಎಲ್ಲವನ್ನೂ ಹೇಳಿದೆ: ಅವಳು ಬಂದಿದ್ದಳು, ನಾನು ತಮಾಷೆ ಮಾಡಿದೆ, ಆಮೇಲೆ ನೆನಪಿಲ್ಲವೆಂದು ಸುಳ್ಳು ಹೇಳಿದೆ. ಹೇಳುವಾಗ ಮೊದಲನೆಯ ಸುಳ್ಳು ಅಷ್ಟೇನೂ ಕಷ್ಟವಾಗಲಿಲ್ಲ. ಎರಡನೆಯದನ್ನು ಎರಡು ಸಲ ಶುರು ಮಾಡಬೇಕಾಯಿತು.

“ಈಗ ಸರಿಯಾದದ್ದನ್ನ ಬರ್ಕೊಂಡುಬಿಡಿ ಸಾರ್,” ಎಂದೆ. “ನಾ ಮಲಗಿದ್ದೆ, ಇವಳು ದುಡಿದಳು. ಐದು ನಿಮಿಷದ ಕೆಲಸ.”

ಅಧಿಕಾರಿ ಅಡ್ಡಡ್ಡ ತಲೆಯಾಡಿಸಿದರು. “ಕಳಿಸಿದ ಉತ್ತರವನ್ನು ಯಾರೂ ತಿದ್ದುವಂತಿಲ್ಲ ಸಾರ್. ನಾನೂ ಇಲ್ಲ, ಮಂತ್ರಿಯೂ ಇಲ್ಲ. ಇವತ್ತು ನೀವು ಬಂದು ತಿದ್ದಿ ಎನ್ನುತ್ತೀರಿ. ನಾಳೆ ದೊಡ್ಡವರೊಬ್ಬರು ಕಾರಿನಲ್ಲಿ ಬಂದು ಅದನ್ನೇ ಹೇಳಿದರೆ? ಆಮೇಲೆ ನಮ್ಮ ಲೆಕ್ಕವನ್ನು ಯಾರು ನಂಬುತ್ತಾರೆ?”

ನಾನು ಹೇಳಿಕೆ ಬರೆದು ಸಹಿ ಹಾಕಿದೆ. ಅವರು ಅದನ್ನು ಎರಡು ಸಲ ಓದಿ ತೀರ್ಮಾನ ಹೇಳಿದರು. ಮನೆಗೆ ಹೋಗದೇ ಬರೆದಳು ಎಂಬ ಆರೋಪ ಬಿದ್ದುಹೋಗುತ್ತದೆ. ಗುತ್ತಿಗೆ ಮುಂದುವರಿಯುತ್ತದೆ. ಆದರೆ ಉತ್ತರದ ಮೇಲೆ ಅನುಮಾನ ಬಂದರೆ ಷರಾ ಬರೆಯಬೇಕೆಂಬ ನಿಯಮವಿದೆ. ಅವಳು ಬರೆದಿಲ್ಲ. ಬರೆದಿಲ್ಲ ಎಂಬ ಆ ಒಂದು ಸಾಲು ಅವಳ ಫೈಲಿನಲ್ಲಿ ಉಳಿಯುತ್ತದೆ, ಒಂದು ತಿಂಗಳು ಅವಳು ಹೋದ ಪ್ರತಿ ಮನೆಗೂ ಜೊತೆಗೊಬ್ಬರು ಹೋಗಿ ಕೂರುತ್ತಾರೆ. ಇನ್ನು ನಮ್ಮ ಮನೆ ಲೆಕ್ಕದಿಂದ ರದ್ದು.

“ಹಾಗಾದರೆ ನಾನು ನಿಮಗೆ ಹೇಳಿದ್ದು?” ಎಂದು ಹೆಂಡತಿ ಕೇಳಿದಳು.

“ಅದೂ ಸೇರುವುದಿಲ್ಲ ಅಮ್ಮಾ. ಕ್ಷಮಿಸಿ.”

ಅವಳು ಸೆರಗು ಸರಿಮಾಡಿಕೊಂಡು ಎದ್ದಳು. ನನ್ನ ಕಡೆ ನೋಡಲಿಲ್ಲ. ಮದುವೆಯಾದಾಗಿನಿಂದ ಅವಳನ್ನು ಕೂರಿಸಿ, ನಿನ್ನ ದಿನ ಹೇಗಿತ್ತು, ಅರ್ಧರ್ಧ ತಾಸಿನದೂ ಹೇಳು ಎಂದು ಕೇಳಿದ್ದು ಅದೊಂದೇ ಸಲ. ಕೇಳಿದ್ದು ನಾನಲ್ಲ, ಸರ್ಕಾರ. ಅದನ್ನೂ ನಾನೇ ಹಾಳು ಮಾಡಿದ್ದೆ.

ಹೊರಗೆ ಮೆಟ್ಟಿಲ ಮೇಲೆ ಸರ್ವೆಯ ಹೆಣ್ಣುಮಗಳನ್ನು ನಿಲ್ಲಿಸಿದೆ. “ಬಾಯಾರ, ನಿಮಗ ಅನುಮಾನ ಬಂದಿರಲಿಲ್ಲೇನ್ರಿ?”

“ಬಂದಿತ್ರಿ. ರಂಗೋಲಿ ಅಂದಾಗ ಬಂತು.”

“ಮತ್ತ ಬರೀಬೇಕಿತ್ತಲ್ರಿ?”

“ಏನಂತ ಬರೀಲ್ರಿ? ತಿಂಗಳಾನುಗಟ್ಟಲೆ ತೆಲುಗು, ಹಿಂದಿ ಮಾತಾಡಿ ನಾಲಿಗಿ ಸೋತಿರ್ತದ. ಒಬ್ಬ ಹಿರ್ಯಾರು ನಮ್ಮ ಮಾತಿನ್ಯಾಗ ಕರದು ಚಾ ಕೊಟ್ರು. ಇವರು ಸುಳ್ಳ ಹೇಳಾಕತ್ತಾರ ಅಂತ ಬರೀಲಿಕ್ಕೆ ಕೈ ಬರಲಿಲ್ರಿ. ತಪ್ಪ ನಂದೂ ಐತಿ.”

“ನಿಂದಿಲ್ಲವ್ವಾ. ಇನ್ನೊಂದ ಕಾಗದ ಬರದು ಕೊಡ್ತೀನಿ, ಆ ಸಾಲ ತೆಗೀರಿ ಅಂತ...”

“ಬ್ಯಾಡ್ರಿ!” ಎಂದಳು, ಮೊದಲ ಸಲ ದನಿ ಏರಿಸಿ. ಆಮೇಲೆ ತಗ್ಗಿಸಿ, “ನಾಡಿದ್ದಿಂದ ನಿಮ್ಮ ಎದುರಿನ ಬಿಲ್ಡಿಂಗಿನ್ಯಾಗ ಕೆಲಸ ಐತಿ. ಅಲ್ಲಿ ಯಾರ ಮುಂದನೂ ನನ್ನ ಬಗ್ಗೆ ಚೊಲೊ ಮಾತ ಹೇಳಬ್ಯಾಡ್ರಿ. ನಿಮಗೂ ನನಗೂ ಗುರುತೈತಿ ಅಂತ ಅನ್ನಿಸಿದ್ರ ನಿಮ್ಮ ಹೇಳಿಕಿನೂ ಸುಳ್ಳ ಅಂತಾರ. ಏನೂ ಹೇಳಬ್ಯಾಡ್ರಿ,” ಎಂದಳು.

ಆಕೆ ಹೇಳಿದ್ದ ದಿನ ಬೆಳಿಗ್ಗೆ ನಾನು ಬಾಲ್ಕನಿಯಲ್ಲಿದ್ದೆ. ಎದುರಿನ ಗೇಟಿನ ಹತ್ತಿರ ಆಕೆ ಕಂಡಳು, ಕೊರಳಲ್ಲಿ ಕಾರ್ಡು, ಕೈಯಲ್ಲಿ ಟ್ಯಾಬ್. ಎರಡು ಹೆಜ್ಜೆ ಹಿಂದೆ ಅಧಿಕಾರಿ. ವಾಚ್‌ಮನ್ ಇಬ್ಬರನ್ನೂ ನಿಲ್ಲಿಸಿ ಏನೋ ಕೇಳುತ್ತಿದ್ದ. ಆಕೆ ಕಾರ್ಡು ಎತ್ತಿ ತೋರಿಸಿದಳು, ಅವನು ಒಪ್ಪಲಿಲ್ಲ. ಆ ವಾಚ್‌ಮನ್ ನನಗೆ ಚೆನ್ನಾಗಿ ಗೊತ್ತು. ಮೇಲಿನಿಂದ ಒಂದು ಮಾತು ಕೂಗಿದ್ದರೆ ಸಾಕಿತ್ತು, ಬಿಡುತ್ತಿದ್ದ. ಗಂಟಲವರೆಗೂ ಬಂತು.

ಆಕೆ ಇನ್ನೂ ಬಿಸಿಲಿನಲ್ಲಿ ನಿಂತು ವಿವರಿಸುತ್ತಲೇ ಇದ್ದಳು. ನಾನು ಬಾಯಿ ಮುಚ್ಚಿಕೊಂಡು ಒಳಗೆ ಬಂದು ಕೂತೆ.